ಗೆರೆ ಹಿಡಿಯುವ ಮುನಿರತ್ನಮ್ಮ

ಬೇತಮಂಗಲದ ಕಡೆಯಿಂದ ಬರುವ ಮೊದಲ ಬಸ್ಸು ರಾಬರ್ಟ್‌ಸನ್‌ಪೇಟೆ ಮುಟ್ಟುವ ಹೊತ್ತಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಮುನಿರತ್ನಮ್ಮ ಬಸ್ಸಿಳಿದು, ಬಾಗಿಲು ಹಾಕಿದ ಅಂಗಡಿಗಳ ಸಾಲು ದಾಟಿ, ಜಯರಾಮಪ್ಪನವರ ಫೋಟೋ ಸ್ಟುಡಿಯೋದ ಬೀಗ ತೆಗೆಯುತ್ತಾರೆ. ಒಳಗೆ ಬಂದವರು ಕಸ ಗುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಾರೆ. ಗುಡಿಸಿದರೆ ಧೂಳು ಏಳುತ್ತದೆ. ಚಿನ್ನದ ಗಣಿಯವರು ಅದಿರು ಅರೆದು ಸುರಿದ ಸೈನೈಡ್ ದಿಬ್ಬಗಳಿಂದ ಗಾಳಿಗೆ ಹಾರಿ ಬರುವ ಆ ಬೂದುಬಣ್ಣದ ಧೂಳು ಹಿಟ್ಟಿಗಿಂತ ನುಣುಪು, ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಅದಕ್ಕೆಂದೇ ಕಿಟಕಿಗೊಂದು ನೆನೆಸಿದ ಪಂಚೆ ಕಟ್ಟುತ್ತಾರೆ. ಆಮೇಲೆ ಮಂಚದುದ್ದದ ಯಂತ್ರದ ಮೇಲೆ ಹೊದಿಸಿದ ಹಳೆ ಸೀರೆ ತೆಗೆದು ಸ್ವಿಚ್ ಹಾಕುತ್ತಾರೆ.

ಅದು ಮೂರಡಿ ಅಗಲದ ಕಾಗದದ ಮೇಲೆ ಬಣ್ಣದ ಶಾಯಿ ಸಿಂಪಡಿಸಿ ಫೋಟೋ ಮಾಡುವ ಇಂಕ್‌ಜೆಟ್ ಪ್ರಿಂಟರ್. ಎರಡು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಜಯರಾಮಪ್ಪ ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಮುಂಜಾನೆ ಅದು ಮೊದಲು ಕಕ್ಕುವುದು ಒಂದು ಪರೀಕ್ಷೆಯ ಚೀಟಿ. ನಾಲ್ಕು ಬಣ್ಣದಲ್ಲಿ ಸಣ್ಣ ಸಣ್ಣ ಮೆಟ್ಟಿಲುಗಳು, ಶಾಯಿ ಚಿಮ್ಮುವ ಒಂದೊಂದು ತೂತಿಗೆ ಒಂದೊಂದು. ಮುನಿರತ್ನಮ್ಮ ಚೀಟಿಯನ್ನು ಬಾಗಿಲ ಬಳಿಗೆ ಒಯ್ದು, ಭೂತಗನ್ನಡಿ ಹಿಡಿದು, ಹಗಲ ಬೆಳಕಿನಲ್ಲಿ ಮೆಟ್ಟಿಲು ಎಣಿಸುತ್ತಾರೆ. ಇವತ್ತು ಕಪ್ಪಿನಲ್ಲಿ ಒಂದು ಇಲ್ಲ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಶಾಯಿ ಸಿಂಪಡಿಸುವ ಹೆಡ್ಡಿನ ಕೆಳಗಿಟ್ಟು, ಕಾಲು ಗಂಟೆ ಸುಮ್ಮನೆ ಕಾಯುತ್ತಾರೆ. ಎರಡನೇ ಚೀಟಿ, ಮೂರನೇ ಚೀಟಿ. ಮೂರನೆಯದರಲ್ಲಿ ಮೆಟ್ಟಿಲು ಪೂರ್ತಿ ಬಂದಿದೆ. ಆಗಷ್ಟೇ ಅವರು ತಂದ ಮುದ್ದೆಯ ಡಬ್ಬಿ ಬಿಚ್ಚುತ್ತಾರೆ.

“ಸೂಜಿ ಮೊನೇಗಿಂತ ಸಣ್ಣ ತೂತುಗಳು ಅವೆ ಒಳಗೆ,” ಎನ್ನುತ್ತಾರೆ. “ಒಂದು ಕಟ್ಕೊಂಡ್ರೂ ಫೋಟೋ ತುಂಬಾ ಗೆರೆ ಬತ್ತದೆ. ಒಂದೇ ಬಣ್ಣದಾಗೆ ಗೆರೆ ಬಿದ್ರೆ ತೂತಿನ ತಪ್ಪು. ಎಲ್ಲಾ ಬಣ್ಣದಾಗೂ ಒಂದೇ ಅಳತೇಲಿ ಬಿದ್ರೆ ಪೇಪರು ಎಳಿಯೋದ್ರ ತಪ್ಪು. ಬಿಳೀ ಗೆರೆ ಅಂದ್ರೆ ಜಾಸ್ತಿ ಎಳ್ದದೆ, ಕಪ್ಪು ಗೆರೆ ಅಂದ್ರೆ ಕಮ್ಮಿ ಎಳ್ದದೆ. ಅಷ್ಟೇಯ.”

ಅಷ್ಟೇ ಎನ್ನುವುದನ್ನು ಕಲಿಯಲು ಅವರಿಗೆ ಒಂದು ವರ್ಷ ಹಿಡಿದಿದೆ. ಕಲಿಸುವವರು ಯಾರೂ ಇರಲಿಲ್ಲ. ಯಂತ್ರದ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ, ಮುನಿರತ್ನಮ್ಮ ಓದಿದ್ದು ಏಳನೇ ಕ್ಲಾಸು. ಚೈತ್ರದ ಒಣಗಾಳಿಯಲ್ಲಿ ಶಾಯಿ ಬೇಗ ಕಟ್ಟುತ್ತದೆಂದು ತಾವೇ ಕಂಡುಕೊಂಡು, ಯಂತ್ರದ ಪಕ್ಕ ಬಾಯಗಲದ ಪಾತ್ರೆಯಲ್ಲಿ ನೀರಿಡತೊಡಗಿದರು. ಒಂದು ಬಗೆಯ ಕಾಗದಕ್ಕೆ ಹೊಂದಿಸಿದ ಎಳೆತ ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ತಿಳಿದ ಮೇಲೆ ಪ್ರತಿ ರೋಲಿನ ರಟ್ಟಿನ ಮೇಲೂ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟರು. ಈಗ ಬಂಗಾರಪೇಟೆಯ ಸ್ಟುಡಿಯೋದವರು, ಕೋಲಾರದಲ್ಲಿ ಇಂಥದೇ ಯಂತ್ರ ತಂದವರು, ಗೆರೆ ಬಿದ್ದರೆ ಇವರಿಗೇ ಫೋನು ಮಾಡುತ್ತಾರೆ. ಬಿದ್ದ ಗೆರೆ ಯಾವ ಬಣ್ಣದ್ದು, ಎಷ್ಟು ಅಂತರದಲ್ಲಿದೆ ಎಂದು ಕೇಳಿ, ಎಷ್ಟೋ ಸಲ ಕೂತಲ್ಲಿಂದಲೇ ದೋಷ ಹೇಳಿಬಿಡುತ್ತಾರೆ.

ಮೂವತ್ತೊಂಬತ್ತರ ಮುನಿರತ್ನಮ್ಮ ಹುಟ್ಟಿದ್ದು ಬೇತಮಂಗಲದ ಕೆರೆಯಾಚೆಯ ಹಳ್ಳಿಯಲ್ಲಿ, ಕೂಲಿಯವರ ಮನೆಯಲ್ಲಿ. ಅದೇ ಊರಿನ ಬಚ್ಚಪ್ಪನನ್ನು ಮದುವೆಯಾದರು. ಬಚ್ಚಪ್ಪ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಎಂಬತ್ತಾರರಲ್ಲಿ ಸ್ಟುಡಿಯೋಕ್ಕೆ ಕಸ ಗುಡಿಸಲು ಬಂದ ಮುನಿರತ್ನಮ್ಮನ ಕೈ ನಡುಗುವುದಿಲ್ಲವೆಂದು ಕಂಡ ಜಯರಾಮಪ್ಪ, ಕಪ್ಪು ಬಿಳುಪು ಫೋಟೋಗಳ ಮೇಲೆ ಬೀಳುವ ಬಿಳಿ ಚುಕ್ಕೆಗಳಿಗೆ ಬ್ರಶ್ಶಿನಿಂದ ಬಣ್ಣ ತುಂಬುವ ಕೆಲಸ ಕೊಟ್ಟರು. ಟಚಪ್ ಎನ್ನುವ ಆ ಕೆಲಸವನ್ನು ಹನ್ನೊಂದು ವರ್ಷ ಮಾಡಿದರು. ಇವರು ಮುಟ್ಟಿದ ಜಾಗ ಯಾವುದು ಎಂದು ಕ್ಯಾಮೆರಾ ಹಿಡಿದವರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ದಿನಕ್ಕೆ ಆರೇಳು ದೊಡ್ಡ ಫೋಟೋ ಮುದ್ರಿಸುತ್ತಾರೆ. ಮದುವೆಯ ಕಾಲದಲ್ಲಿ ಹದಿನೈದಾಗುವುದೂ ಉಂಟು. ಉಳಿದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿಕೊಂಡವರ ಫೋಟೋಗಳೇ.

ಇಷ್ಟನ್ನು ಹೇಳಿಸುವುದಕ್ಕೇ ಪತ್ರಿಕೆಯವರು ಮೂರು ಸಲ ಬರಬೇಕಾಯಿತು. ಹೊಗಳುವಂಥದ್ದು ತನ್ನಲ್ಲಿ ಏನೂ ಇಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಎರಡು ಸಲ ಕಳಿಸಿಬಿಟ್ಟಿದ್ದರು. ಮೂರನೇ ಸಲ ಯಂತ್ರದ ಕಡೆಗೆ ಮುಖ ಮಾಡಿಕೊಂಡು, ಹಿಂದೆ ಕೂತವರನ್ನು ನೋಡದೆ, ಪೆರುಮಾಳನ ಫೋಟೋದ ವಿಷಯ ಹೇಳಿದರು.

ಪೆರುಮಾಳ್ ನಂದಿದುರ್ಗ ಗಣಿಯಲ್ಲಿ ಕೆಲಸ ಮಾಡುತ್ತಿದ್ದವನು. ಧೂಳು ಕುಡಿದು ಕುಡಿದು ಶ್ವಾಸಕೋಶ ಕೆಟ್ಟು, ಕಳೆದ ವರ್ಷದ ಬೇಸಿಗೆಯಲ್ಲಿ ತೀರಿಕೊಂಡ. ಹದಿನಾರನೇ ದಿನದ ಕಾರ್ಯಕ್ಕೆ ದೊಡ್ಡ ಫೋಟೋ ಬೇಕೆಂದು ಅವನ ಹೆಂಡತಿ ಮಾರಿಯಮ್ಮ ಗಣಿಯ ಗುರುತಿನ ಚೀಟಿ ತಂದುಕೊಟ್ಟಳು. ಮನೆಯಲ್ಲಿ ಅವನದೆಂದು ಇದ್ದದ್ದು ಆ ಹೆಬ್ಬೆಟ್ಟಿನಗಲದ ಫೋಟೋ ಒಂದೇ.

ಕಾರ್ಯದ ಹಿಂದಿನ ದಿನ ಬೆಳಿಗ್ಗೆ ಪರೀಕ್ಷೆಯ ಚೀಟಿಯಲ್ಲಿ ಕಪ್ಪಿನ ಒಂದು ಮೆಟ್ಟಿಲು ಇರಲಿಲ್ಲ. ಮುನಿರತ್ನಮ್ಮ ಅದನ್ನು ನೋಡಿದರು. ಅವತ್ತು ಬಸ್ಸು ತಡವಾಗಿತ್ತು, ಒಂದೇ ತಾನೇ, ನಡೆಯುತ್ತದೆ ಎಂದುಕೊಂಡರು. ಫೋಟೋ ಹೊರಬಂದಾಗ ಬಿಳಿ ಅಂಗಿಯ ಮೇಲೆ ಏನೂ ಕಾಣಲಿಲ್ಲ. ಕಪ್ಪು ಮುಖದ ಮೇಲೆ, ಕಣ್ಣಿನ ಕೆಳಗೆ, ಕೂದಲೆಳೆಯಂಥ ಬಿಳಿ ಗೆರೆಗಳು ಕೆನ್ನೆಯಿಂದ ಕೆನ್ನೆಗೆ ಎದ್ದು ಕಂಡವು. ಮತ್ತೆ ಮುದ್ರಿಸಲು ಕಾಗದ ಮುಗಿದಿತ್ತು. ಹೊಸ ರೋಲು ಬೆಂಗಳೂರಿನ ರೈಲಿನಲ್ಲಿ ಬಂಗಾರಪೇಟೆಗೆ ಬರುವುದು ಮಾರನೇ ದಿನ. ಹೇಗಾದರೂ ಮಾಡಿ ಕೊಟ್ಟುಬಿಡು ಎಂದರು ಜಯರಾಮಪ್ಪ.

ಮುನಿರತ್ನಮ್ಮ ಹಳೆಯ ಬ್ರಶ್ಶು ತೆಗೆದರು. ಗೆರೆಗೆ ಗೆರೆ ಬಣ್ಣ ತುಂಬಿದರು. ಅದು ಒಣಗಲು ಅರ್ಧ ದಿನವಾದರೂ ಬೇಕಿತ್ತು. ಮಾರಿಯಮ್ಮ ಬಂದು ಕೂತಿದ್ದಳು. ಹಸಿಯಿದ್ದಂತೆಯೇ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಹಾಳೆ ಅಂಟಿಸಿ, ಚೌಕಟ್ಟು ಹಾಕಿ ಕೊಟ್ಟರು.

ಎರಡು ದಿನ ಬಿಟ್ಟು ಮಾರಿಯಮ್ಮ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಬಣ್ಣ ಕದಡಿ, ಪೆರುಮಾಳನ ಕಣ್ಣಿನ ಕೆಳಗೆಲ್ಲ ಸುಟ್ಟ ಹಾಗೆ ಕಪ್ಪು ಹರಡಿತ್ತು. ನೆಂಟರೆಲ್ಲ ಕೂತಿದ್ದಾಗಲೇ ಹಾಗಾಯಿತಂತೆ. ಮುನಿರತ್ನಮ್ಮ ಬೆರಳಿನಿಂದ ಉಜ್ಜಿ ನೋಡಿದರು. ಕಲೆ ಪ್ಲಾಸ್ಟಿಕ್ಕಿನ ಒಳಗಿತ್ತು. ಹೊರಗಿನ ನೀರು ಅಲ್ಲಿಗೆ ಹೋಗುವಂತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ನಾಲ್ಕಾರು ಜನ ನಿಂತು ನೋಡುತ್ತಿದ್ದರು. ಒದ್ದೆ ಹಾರ ಹಾಕಿದ್ದೆಯಾ ಎಂದು ಮುನಿರತ್ನಮ್ಮ ಕೇಳಿದರು. ಹೌದು, ಮಲ್ಲಿಗೆ, ನೀರು ಚಿಮುಕಿಸಿದ್ದು, ನಾನೇ ಹಾಕಿದೆ ಎಂದಳು ಮಾರಿಯಮ್ಮ. ಮತ್ತೆ ನೀರು ಬಿದ್ದರೆ ಕೆಡದೆ ಇನ್ನೇನು ಎಂದರು ಮುನಿರತ್ನಮ್ಮ.

“ತಪ್ಪಾಯ್ತಕ್ಕ. ನನಗೆ ತಿಳೀಲಿಲ್ಲ,” ಎಂದು ಮಾರಿಯಮ್ಮ ಕೈ ಮುಗಿದಳು.

“ಓಗ್ಲಿ ಬಿಡು ಅಂದೆ,” ಎನ್ನುತ್ತಾರೆ ಮುನಿರತ್ನಮ್ಮ. “ಸುಳ್ಳು ಏಳಿದ್ದು ಒಂದ್ಕಡೆ ಇರ್ಲಿ. ಅವಳು ಕೈ ಮುಗುದ್ಲು, ನಾನು ಓಗ್ಲಿ ಬಿಡು ಅಂದೆ. ದೊಡ್ಡ ಮನಸು ಮಾಡ್ದೋಳ ಅಂಗೆ.” ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಜಯರಾಮಪ್ಪನವರನ್ನು ದೂರುವುದಿಲ್ಲ. ಅವರು ಕೊಟ್ಟುಬಿಡು ಎಂದರೇ ಹೊರತು ಸುಳ್ಳು ಹೇಳು ಎನ್ನಲಿಲ್ಲ ಎನ್ನುತ್ತಾರೆ.

ಎಂಟು ತಿಂಗಳು ಹಾಗೇ ಕಳೆಯಿತು. ಅಷ್ಟರಲ್ಲಿ ಇವರ ಹೆಸರು ಬಂಗಾರಪೇಟೆಯವರೆಗೂ ಹೋಯಿತು. ಯಾರಾದರೂ ಕೈ ಹೊಗಳಿದರೆ ಎದ್ದು ಹಿತ್ತಲಿಗೆ ಹೋಗುವುದು ಅಭ್ಯಾಸವಾಯಿತು. ಮನೆಯಲ್ಲಿ ಬಚ್ಚಪ್ಪನಿಗೂ ಹೇಳಲಿಲ್ಲ.

ಈ ಜನವರಿಯಲ್ಲಿ ಮಾರಿಯಮ್ಮ ಮತ್ತೆ ಬಂದಳು. ಗಂಡನದು ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕು ಎಂದಳು. ಯಾವ ಅರ್ಜಿಗೆ ಎಂದು ಕೇಳಿದರೆ, ಅರ್ಜಿಗಲ್ಲ, ಟ್ರಂಕಿನಲ್ಲಿ ಇಟ್ಟುಕೊಳ್ಳುವುದಕ್ಕೆ ಎಂದಳು. ದೊಡ್ಡ ಫೋಟೋವನ್ನು ಅತ್ತೆ ಗೋಡೆಯ ಕಡೆ ತಿರುಗಿಸಿಬಿಟ್ಟಿದ್ದಾರೆ. ಸತ್ತ ಮೇಲೂ ನನ್ನ ಮಗನ ಮುಖ ಕೆಡಿಸಿದಳು ಎಂದು ಗಣಿ ಕಾರ್ಮಿಕರ ಮನೆಗಳ ಲೈನಿನ ತುಂಬ ಹೇಳಿದ್ದಾರೆ. ಅದರ ಮುಂದಿನ ದೀಪ ಹಚ್ಚುವುದಕ್ಕೆ ಇವಳನ್ನು ಬಿಡುವುದಿಲ್ಲ. ಮಾರಿಯಮ್ಮ ಇದನ್ನೆಲ್ಲ ದೂರಿನ ಹಾಗೆ ಹೇಳಲಿಲ್ಲ. ತಪ್ಪು ತನ್ನದೇ ತಾನೇ ಎಂಬಂತೆ ಹೇಳಿದಳು.

ಆಗಲೂ ಮುನಿರತ್ನಮ್ಮನ ಬಾಯಿಗೆ ನಿಜ ಬರಲಿಲ್ಲ. ಚಿಕ್ಕ ಫೋಟೋ ಮಾಡಿಕೊಟ್ಟು ಕಳಿಸಿದರು. ಅವಳು ಮತ್ತೆ ತಂದಿದ್ದ ಗುರುತಿನ ಚೀಟಿಯನ್ನು ಮಾತ್ರ, ಭಾನುವಾರ ತಂದುಕೊಡುತ್ತೇನೆಂದು ಇಟ್ಟುಕೊಂಡರು.

ಆ ವಾರ ಯಂತ್ರವೂ ಸರಿಯಿರಲಿಲ್ಲ. ತೂತು ಕಟ್ಟಿರಲಿಲ್ಲ, ಮೆಟ್ಟಿಲೆಲ್ಲ ಬರುತ್ತಿತ್ತು, ಆದರೂ ಒಂದೇ ಅಳತೆಯಲ್ಲಿ ತೆಳುವಾದ ಬಿಳಿ ಗೆರೆ. ಕಾಗದದ ಎಳೆತವನ್ನು ಒಂದೊಂದೇ ಗೀಟು ಕಡಿಮೆ ಮಾಡುತ್ತ ಹೋದರು. ಬಿಳಿ ಹೋಗಿ ಕಪ್ಪು ಬಂತು. ಮತ್ತೆ ಹೆಚ್ಚಿಸಿದರು. ಶುಕ್ರವಾರ ಸಂಜೆ, ಕಾಗದ ಎಳೆಯುವ ರಬ್ಬರ್ ಉರುಳೆಯ ಒಂದು ಕೊನೆಯಲ್ಲಿ ಧೂಳು ಗಟ್ಟಿಯಾಗಿ ಕೂತಿರುವುದು ಬೆರಳಿಗೆ ಸಿಕ್ಕಿತು. ಅದನ್ನು ಒರೆಸಿ ತೆಗೆದು, ಹೆಡ್ಡು ನಿಧಾನಕ್ಕೆ ಒಂದೇ ದಿಕ್ಕಿಗೆ ಮುದ್ರಿಸುವಂತೆ ಹೊಂದಿಸಿ, ಶನಿವಾರ ಪೆರುಮಾಳನ ಮುಖದ ದೊಡ್ಡ ಪ್ರತಿಯನ್ನು ಹೊಸದಾಗಿ ತೆಗೆದರು. ಭೂತಗನ್ನಡಿಯಲ್ಲಿ ಹಣೆಯಿಂದ ಗದ್ದದವರೆಗೆ ನೋಡಿದರು. ಬ್ರಶ್ಶು ಮುಟ್ಟುವ ಕೆಲಸವೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಂದಿದುರ್ಗದ ಲೈನಿಗೆ ಹೋದರು. ಬಾಗಿಲಲ್ಲೇ ನಿಂತು ಮಾರಿಯಮ್ಮನಿಗೆ ಎಲ್ಲವನ್ನೂ ಹೇಳಿದರು. ಪರೀಕ್ಷೆಯ ಚೀಟಿಯಲ್ಲಿ ಕಂಡ ದೋಷ, ಹಸಿ ಬಣ್ಣ, ಪ್ಲಾಸ್ಟಿಕ್ಕಿನ ಒಳಗಿದ್ದ ಕಲೆ. ನಿನ್ನ ಹಾರದಿಂದ ಏನೂ ಆಗಲಿಲ್ಲ ಎಂದರು. ಮಾರಿಯಮ್ಮ ಅಳಲಿಲ್ಲ.

“ನನಗೆ ಏಳಿ ಏನಕ್ಕ ಆಗ್ಬೇಕು?” ಎಂದಳು. “ಒಳಗೆ ಕೂತವ್ರಲ್ಲ, ಅವರಿಗೆ ಏಳು.”

ಅತ್ತೆಗೆ ಕನ್ನಡ ಬರುವುದಿಲ್ಲ. ಮುನಿರತ್ನಮ್ಮನಿಗೆ ಬರುವ ತಮಿಳು ಸಂತೆಯಲ್ಲಿ ತರಕಾರಿ ಕೇಳುವಷ್ಟು. ಬಸ್ಸಿನಲ್ಲಿ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಸಮಾಧಾನದ ಮಾತುಗಳು ಯಾವುವೂ ಆ ಭಾಷೆಯಲ್ಲಿ ಬರಲಿಲ್ಲ. ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗೋಡೆಗೆ ತಿರುಗಿದ್ದ ಫೋಟೋ ತೋರಿಸಿ, “ಅವ ಇಲ್ಲೆ, ಪಾಟಿ. ನಾನ್‌ದಾನ್ ಪಣ್ಣೇನ್,” ಎಂದರು. ಅವಳಲ್ಲ ಅಜ್ಜಿ, ಮಾಡಿದ್ದು ನಾನೇ.

ಇಷ್ಟು ತಿಂಗಳು ಎಲ್ಲಿ ಹೋಗಿದ್ದೆ ಎಂದು ಮುದುಕಿ ಕೇಳಿದರು. ಮುನಿರತ್ನಮ್ಮ ತಂದಿದ್ದನ್ನು ಬಿಚ್ಚಿ ಮುಂದಿಟ್ಟರು. ಹೊಸ ಫೋಟೋವನ್ನು ಮುದುಕಿ ತೊಡೆಯ ಮೇಲಿಟ್ಟುಕೊಂಡು ಮಗನ ಕೆನ್ನೆಯ ಮೇಲೆ ಎರಡು ಸಲ ಕೈಯಾಡಿಸಿದರು. ಆಮೇಲೆ ಇವರ ಕಡೆ ನೋಡದೆ, ಬತ್ತಿ ತಗೊಂಡು ಬಾ ಎಂದು ಸೊಸೆಗೆ ಹೇಳಿದರು. ದೀಪ ಹಚ್ಚಿದ್ದು ಮಾರಿಯಮ್ಮ. ಮುನಿರತ್ನಮ್ಮ ಎದ್ದು ಹೊರಗೆ ಬಂದಾಗ ಯಾರೂ ಕಳಿಸಿಕೊಡಲು ಬಾಗಿಲಿಗೆ ಬರಲಿಲ್ಲ. ಬರುತ್ತಾರೆಂದು ತಾನೂ ಎಣಿಸಿರಲಿಲ್ಲ ಎನ್ನುತ್ತಾರೆ.

ಜಯರಾಮಪ್ಪನವರಿಗೆ ಹೇಳಿದಾಗ ಅಂಗಡಿಯ ಹೆಸರು ಹಾಳು ಮಾಡಿದೆ ಎಂದು ಒಂದು ವಾರ ಮಾತು ಬಿಟ್ಟರು. ಎಂಟನೇ ದಿನ ತಾವೇ ಬಂದು, ಇನ್ನು ಮೇಲೆ ಚೀಟಿ ಸರಿ ಬರದೆ ಫೋಟೋ ತೆಗೆಯಬೇಡ, ನಾನು ಹೇಳಿದರೂ ತೆಗೆಯಬೇಡ ಎಂದರು. ಆಮೇಲೆ ಎಷ್ಟೋ ಗಿರಾಕಿಗಳನ್ನು ಮುನಿರತ್ನಮ್ಮ ನಾಳೆ ಬನ್ನಿ ಎಂದು ಕಳಿಸಿದ್ದಾರೆ. ಬೈದುಕೊಂಡು ಹೋದವರೂ ಮಾರನೇ ದಿನ ಬಂದಿದ್ದಾರೆ.

ಪೇಪರಿನಲ್ಲಿ ಬರುವುದಾದರೆ ನಿಮ್ಮದೊಂದು ಫೋಟೋ ಬೇಕಲ್ಲ ಎಂದಾಗ ಮುನಿರತ್ನಮ್ಮ ಬೇಡವೆಂದು ತಲೆಯಾಡಿಸುತ್ತಾರೆ. ಇನ್ನೇನಾದರೂ ಹೇಳುವುದಿದೆಯೇ ಎಂದಾಗ ಒಂದಿದೆ ಎನ್ನುತ್ತಾರೆ. ಮುದುಕಿ ಮನೆಯೊಳಗೆ ಒಪ್ಪಿಕೊಂಡರೂ, ಹೊರಗೆ ಲೈನಿನಲ್ಲಿ ಹಬ್ಬಿದ ಮಾತು ಇನ್ನೂ ಹಾಗೇ ಇದೆ.

“ಆ ಲೈನಾಗೆ ಕನ್ನಡ ಪೇಪರು ಓದೋರು ನಾಕೇ ಮನೆ,” ಎನ್ನುತ್ತಾರೆ. “ಮಾರಿಯಮ್ಮಂದು ಏನೂ ತಪ್ಪಿಲ್ಲ ಅಂತ ಬರೀರಿ. ಆ ನಾಕು ಮನೇಗಾದ್ರೂ ಗೊತ್ತಾಗ್ಲಿ.”