ದುಗ್ಗಪ್ಪನ ‘ಅಡ್ಡಿಲ್ಲ’

ದುಗ್ಗಪ್ಪ ತನ್ನ ಕೊಡೆಯನ್ನೂ ನಂಬುತ್ತಿರಲಿಲ್ಲ. ಹೊರಡುವ ಮೊದಲು ಅಂಗಳದಲ್ಲಿ ಒಮ್ಮೆ ಬಿಚ್ಚಿ, ಕಡ್ಡಿಗಳನ್ನೆಲ್ಲ ಎಣಿಸಿ, ಆಮೇಲೆಯೇ ಬಸ್ಸಿಗೆ ನಡೆಯುವ ಮನುಷ್ಯ. ಕುಂದಾಪುರದ ಹೊಳೆದಂಡೆಯಲ್ಲಿ ಉಮಾನಾಥರ ಬೋಟು ಕಟ್ಟುವ ಯಾರ್ಡಿನಲ್ಲಿ ಡ್ರಾಯಿಂಗುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಬೋಟಿನ ಒಂದೊಂದು ಭಾಗಕ್ಕೂ ಒಂದೊಂದು ಡ್ರಾಯಿಂಗು. ತಿದ್ದಿದರೆ ಅದಕ್ಕೆ ಹೊಸ ಸಂಖ್ಯೆ. ವೆಲ್ಡರು ಒಂದು ಪ್ರಿಂಟು ಕೇಳಿದರೂ ಯಾಕೆ, ಯಾರಿಗೆ, ಯಾವಾಗ ವಾಪಸ್ಸು ಎಂದು ಠಾಣೆಯಲ್ಲಿ ವಿಚಾರಿಸಿದ ಹಾಗೆ ವಿಚಾರಿಸಿಯೇ ಕೊಡುತ್ತಿದ್ದ.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. 1998ರಲ್ಲಿ ಯಾರ್ಡಿಗೆ ಮೊದಲ ಕಂಪ್ಯೂಟರು ಬಂದಾಗ ಕಾಗದದ ಡ್ರಾಯಿಂಗುಗಳನ್ನು ಅದಕ್ಕೆ ಏರಿಸಿದವನು ಪಕ್ಕದ ಮೇಜಿನ ಮಂಜಯ್ಯ. ಚುಕ್ಕಾಣಿಯ ಶಾಫ್ಟು ತೆಳ್ಳಗಾಯಿತೆಂದು ದುಗ್ಗಪ್ಪನೇ ದಪ್ಪ ಮಾಡಿ ತಿದ್ದಿದ್ದ ಡ್ರಾಯಿಂಗು ಒಳಗೆ ಹೋಗಲಿಲ್ಲ, ಹಳೆಯದೇ ಹೋಯಿತು. ಮರುವರ್ಷ ನಾವುಂದದ ಬೋಟೊಂದಕ್ಕೆ ಆ ಹಳೆಯ ಅಳತೆಯಲ್ಲೇ ಶಾಫ್ಟು ಹಾಕಿದರು. ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ಅದು ತುಂಡಾಗಿ ಬೋಟು ಮಗುಚಿತು. ಸತ್ತವನು ಕುಷ್ಟ, ದುಗ್ಗಪ್ಪನ ಹೆಂಡತಿ ನಾಗುವಿನ ತಮ್ಮ.

ಕಣ್ತಪ್ಪಿತು ಎಂದು ಮಂಜಯ್ಯ ಅತ್ತ. ದುಗ್ಗಪ್ಪ ನಂಬಲಿಲ್ಲ. ತಿದ್ದಿದವನು ತಾನೆಂಬ ಹೊಟ್ಟೆಕಿಚ್ಚಿಗೆ ಮಂಜಯ್ಯ ಬೇಕೆಂದೇ ಬಿಟ್ಟಿದ್ದಾನೆ ಎಂದು ಊರಿಡೀ ಹೇಳಿದ, ನಾಗುವಿಗೂ ಹೇಳಿದ. ಮಂಜಯ್ಯ ಕೆಲಸ ಬಿಟ್ಟು ಬಾರ್ಕೂರಿಗೆ ಹೋಗಿ ಕೂತ. ದಪ್ಪ ಶಾಫ್ಟಿನ ಡ್ರಾಯಿಂಗನ್ನು ಆಮೇಲೆ ದುಗ್ಗಪ್ಪನೇ ಕಂಪ್ಯೂಟರಿಗೆ ಏರಿಸಿದ, ತೆಳ್ಳಗಿನದೂ ಅಲ್ಲೇ ಉಳಿಯಿತು. ಹತ್ತು ವರ್ಷ ಇಬ್ಬರ ನಡುವೆ ಒಂದು ಮಾತಿಲ್ಲ.

2009ರಲ್ಲಿ ಹಳೆಯ ಸಾಫ್ಟ್‌ವೇರು ಮುದಿಯಾಯಿತು, ಹೊಸದು ತರುತ್ತೇವೆ ಎಂದರು ಉಮಾನಾಥರು. ಡ್ರಾಯಿಂಗುಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಯೋಜನೆ ಹಾಕಲು ದಿವ್ಯಾ ಎಂಬ ಹುಡುಗಿ ಬಂದಳು. ಮೈಸೂರಿನವಳು, ಮಂಗಳೂರಿನಲ್ಲಿ ಕೆಲಸ. ನಾಲ್ಕು ಸಾವಿರ ಡ್ರಾಯಿಂಗಿನಲ್ಲಿ ಯಾವುದು ಹೋಗಬೇಕು, ಯಾವುದು ಇಲ್ಲೇ ಉಳಿಯಬೇಕು ಎಂದು ಮೊದಲು ಪಟ್ಟಿ ಮಾಡುವುದು, ಒಮ್ಮೆ ಸಾಗಿಸಿ ಪರೀಕ್ಷೆ ಮಾಡುವುದು, ಸರಿಯಿದ್ದರೆ ಮಾತ್ರ ನಿಜವಾಗಿ ಸಾಗಿಸಿ ಹಳೆಯದನ್ನು ಮುಚ್ಚುವುದು. ಅವಳು ಎಷ್ಟು ಬಿಡಿಸಿ ಹೇಳಿದಳೋ ದುಗ್ಗಪ್ಪನ ಗುಮಾನಿ ಅಷ್ಟು ಹೆಚ್ಚಿತು. ಚೀಲಕ್ಕೆ ಬೀಗ ಯಾಕೆ? ಫೋನು ಬಂದರೆ ಜಗಲಿಗೆ ಹೋಗುವುದು ಯಾಕೆ? ಡ್ರಾಯಿಂಗುಗಳನ್ನು ಬೇರೆ ಯಾರ್ಡಿಗೆ ದಾಟಿಸುವ ಹುನ್ನಾರವೇ ಇರಬೇಕು.

ಅವಳು ಕೊಟ್ಟ ಪಟ್ಟಿಯ ಕೊನೆಯ ಕಾಲಮ್ಮಿನ ತಲೆಯಲ್ಲಿ ‘ಬಿಡಬಹುದೇ?’ ಎಂದಿತ್ತು. ಗುಟ್ಟು ಇಲ್ಲಿದೆ ಎಂದುಕೊಂಡ ದುಗ್ಗಪ್ಪ. ಹೌದೆಂದರೂ ನಾಳೆ ತನ್ನ ತಲೆಗೇ ಕಟ್ಟುತ್ತಾರೆ, ಇಲ್ಲವೆಂದರೂ ಕಟ್ಟುತ್ತಾರೆ. ಅವಳ ಪ್ರಶ್ನೆಗೆ ಉತ್ತರವನ್ನೇ ಕೊಡಬಾರದು, ಡ್ರಾಯಿಂಗು ಹೇಗಿದೆ ಎಂದಷ್ಟೇ ಬರೆಯಬೇಕು. ಎರಡು ವಾರ ಕೂತು ಒಂದೊಂದನ್ನೂ ತೆರೆದು ನೋಡಿ, ಒಳ್ಳೆಯದರ ಮುಂದೆಲ್ಲ ‘ಅಡ್ಡಿಲ್ಲ’ ಎಂದು ಬರೆದ. ಕೆಟ್ಟದ್ದರ ಮುಂದೆ ಏನೂ ಬರೆಯಲಿಲ್ಲ. ಮೀನುಸಾರು ರುಚಿಯಾದರೂ ಅಡ್ಡಿಲ್ಲ, ಮದುಮಗ ಒಳ್ಳೆಯವನಾದರೂ ಅಡ್ಡಿಲ್ಲ. ಅದಕ್ಕಿಂತ ದೊಡ್ಡ ಹೊಗಳಿಕೆ ಕುಂದಾಪುರದವರ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ.

ಪರೀಕ್ಷೆಯ ದಿನ ಹೊಸ ಸಾಫ್ಟ್‌ವೇರಿನಲ್ಲಿ ದುಗ್ಗಪ್ಪ ಮೊದಲು ತೆರೆದದ್ದು ಚುಕ್ಕಾಣಿಯ ಶಾಫ್ಟು. ತೆಳ್ಳಗಿನದು ಕೂತಿತ್ತು. ದಪ್ಪದ್ದು ಎಲ್ಲಿಯೂ ಇಲ್ಲ.

“ಒಡೇರೆ, ಇಲ್ ಬನ್ನಿ, ಕಾಣಿ!” ಎಂದು ಕಿರುಚಿದ. “ಕುಷ್ಟನ್ನ ಕೊಂದ್ ಡ್ರಾಯಿಂಗ್ ಮತ್ತ್ ಬಂದ್ ಕೂತಿತ್! ಸರಿ ಇದ್ದದ್ ಇಲ್ಲ! ಇದ್ ಬೇಕಂತ್ಲೇ ಮಾಡದ್, ನಾನ್ ಮೊದ್ಲೇ ಹೇಳಿದ್ನಲ್ದಾ?”

ಉಮಾನಾಥರು ಓಡಿ ಬಂದರು. ದಿವ್ಯಾಳ ಮುಖ ಕೆಂಪಗಾಯಿತು. ಬೀಗ ತೆಗೆದು ಚೀಲದಿಂದ ಹೊರತೆಗೆದದ್ದು ದುಗ್ಗಪ್ಪನ ಪಟ್ಟಿಯನ್ನೇ.

“ಸರ್, ಇದು ನಿಮ್ಮ ಕೈಬರಹ ತಾನೇ? ಬಿಡಬಹುದಾ ಅಂತ ಕೇಳಿದ್ದೆ. ಅಡ್ಡಿಯಿಲ್ಲ ಅಂತ ಬರೆದ್ರಿ, ಬಿಟ್ಟೆ. ನೀವೇನೂ ಬರೀದೇ ಇದ್ದದ್ದನ್ನೆಲ್ಲ ತಗೊಂಡೆ.”

ಉಮಾನಾಥರಿಗೆ ನಗು ಉಕ್ಕಿತು. ದುಗ್ಗಪ್ಪನ ಮುಖ ನೋಡಿ ಅದನ್ನು ಅಲ್ಲೇ ನುಂಗಿಕೊಂಡರು.

ದುಗ್ಗಪ್ಪ ಪಟ್ಟಿಯನ್ನೇ ನೋಡುತ್ತ ಕೂತ. ಒಳ್ಳೆಯದನ್ನೆಲ್ಲ ಹುಡುಕಿ ಹುಡುಕಿ ಹೊರಗೆ ಹಾಕಿಸಿದ್ದಾನೆ, ಅದೂ ಎಷ್ಟು ಜಾಗ್ರತೆಯಿಂದ! ದಪ್ಪ ಶಾಫ್ಟಿನ ಮುಂದಂತೂ ‘ಅಡ್ಡಿಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ಇದನ್ನು ಬೇಕೆಂದು ಮಾಡಿದೆನೇ? ಅಲ್ಲ. ಹಾಗಾದರೆ ಮಂಜಯ್ಯ?

ಆ ವಾರವಿಡೀ ದಿವ್ಯಾಳ ಪಕ್ಕದಲ್ಲೇ ಕೂತು, ಒಂದೊಂದು ‘ಅಡ್ಡಿಲ್ಲ’ದ ಮುಂದೆಯೂ ಕೆಂಪು ಪೆನ್ನಿನಲ್ಲಿ ‘ಬೇಕು’ ಎಂದು ಬರೆದ. ಎರಡನೆಯ ಪರೀಕ್ಷೆಯಲ್ಲಿ ದಪ್ಪ ಶಾಫ್ಟು ತೆರೆದುಕೊಂಡಿತು. ಅಳತೆಯನ್ನು ಮೂರು ಸಲ ಓದಿದ, ಕೊಡೆಯನ್ನು ಮೇಜಿನ ಮೇಲೇ ಬಿಟ್ಟು ಬಾರ್ಕೂರಿನ ಬಸ್ಸು ಹತ್ತಿದ.

ಮಂಜಯ್ಯ ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆಗೆ ಹಿಡಿಕಡ್ಡಿ ತೆಗೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

“ಹ್ವಾಯ್, ದುಗ್ಗಪ್ಪನಾ? ಎಂತ, ದಾರಿ ತಪ್ತಾ?”

ದುಗ್ಗಪ್ಪ ಮೆಟ್ಟಿಲು ಹತ್ತಲಿಲ್ಲ. “ಮಂಜಯ್ಯ, ಆ ಶಾಫ್ಟಿನ್ ಡ್ರಾಯಿಂಗ್ ಈ ಸಲ ನಾನೇ ಬಿಟ್ಟಿದ್ದೆ ಮಾರಾಯ. ಗೊತ್ತಿಲ್ದೇ ಬಿಟ್ಟದ್.”

ಮಂಜಯ್ಯನ ಕತ್ತಿ ನಿಂತಿತು. ಆಮೇಲೆ ಕಡ್ಡಿಗಳನ್ನು ಒತ್ತಟ್ಟಿಗೆ ಸರಿಸಿ ಜಾಗ ಮಾಡಿದ.

“ಬಾ, ಕೂಕೊ,” ಎಂದ. “ಆ ಮಾತ್ ನಾಗುಗೊಂದ್ ಹೇಳ್ತ್ಯಾ?”