ವಿಮಾನ ಇಳಿಸಿದ ಅರಿಸಿನ

ಮೊನ್ನೆ ಸಾಂಗ್ಲಿಯ ಗಿರಣಿಯಲ್ಲಿ ಅರಿಸಿನ ಬೀಸಿಸಿದೆ. ಗಿರಣಿಯವನು ಬಿಸಿ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿಯಲು ಹೊರಟಾಗ ನಾನು ಹೌಹಾರಿ, "ಬ್ಯಾಡಪಾ, ಅರಿವಿ ಚೀಲದಾಗ ಹಾಕು" ಎಂದೆ.

"ಇದರಾಗ ಹನಿ ಗಾಳಿನೂ ಆಡಂಗಿಲ್ರಿ ಮಾವಶಿ."

ನನಗೆ ಭಯವಿರುವುದೇ ಅದಕ್ಕೆ. ಗಾಳಿಯಾಡದ ಅಂಥದೇ ಚೀಲದಿಂದ ಸೇನೆಯ ವಿಮಾನವೊಂದನ್ನು ಕೆಳಗಿಳಿಸಿದವಳು ನಾನು. ನಗಬೇಡಿ, ಹೇಳುತ್ತೇನೆ.

ಮದುವೆಯಾದ ಹೊಸತು. ಗಂಡ ಗಡಿಯ ಗುಡ್ಡಗಳಲ್ಲಿ ಸಿಪಾಯಿ. ಹಿಮ ಬಿದ್ದು ರಸ್ತೆ ಮುಚ್ಚಿದರೆ ನಮ್ಮಂಥ ಹೆಂಡಂದಿರು ಸಾಮಾನು ಸಾಗಿಸುವ ವಿಮಾನದಲ್ಲೇ ಅಲ್ಲಿಗೆ ಹೋಗಬೇಕು. ಮಗ ಅಲ್ಲಿ ಬಣ್ಣಗೆಟ್ಟ ಸಾರು ಉಣ್ಣುತ್ತಾನೆಂಬ ಚಿಂತೆ ಮಿರಜ ಹತ್ತಿರದ ಮಾಲಗಾಂವದಲ್ಲಿದ್ದ ನಮ್ಮತ್ತೆಗೆ. ಮೂರು ಕಿಲೋ ಅರಿಸಿನವನ್ನು ಪ್ಲಾಸ್ಟಿಕ್ಕಿಗೆ ತುಂಬಿ, ಮೇಣಬತ್ತಿಯಿಂದ ಅದರ ಬಾಯಿ ಬೆಸೆದು, ಕೌದಿಯಲ್ಲಿ ಸುತ್ತಿ ಕೊಟ್ಟರು. ಅಷ್ಟರಲ್ಲಿ ಇಡೀ ಪಲ್ಟಣಕ್ಕೇ ಅರಿಸಿನ ಹಚ್ಚಬಹುದಿತ್ತು. ಹೊಸ ಸೊಸೆ, ಹೇಳುವುದು ಹೇಗೆ?

ಆ ವಿಮಾನದಲ್ಲಿ ಪುಡಿ, ಎಣ್ಣೆ ಒಯ್ಯುವಂತಿರಲಿಲ್ಲ. ಗಂಟು ತಪಾಸಣೆಗೆ ನಿಂತಿದ್ದವನು, ವಿಮಾನದೊಳಗಿನ ಸಾಮಾನಿನ ಉಸ್ತುವಾರಿ ಹೊತ್ತಿದ್ದ ಬೀರಪ್ಪ. ನನ್ನ ಹಿಂದಿಯೊಳಗಿನ ಕನ್ನಡ ಕೇಳಿಯೇ ಗುರುತು ಹಿಡಿದ.

"ಮಿರಜ ಕಡೇವ್ರೇನ್ರಿ ವೈನಿ? ನಂದು ಅಲ್ಲೇ ಬೇಡಗ ಊರ್ರಿ. ನಾಳಿಯಿಂದ ರಜಾ, ಎಂಟ ದಿನಕ್ಕ ಲಗ್ನ ಐತ್ರಿ. ಇದರಾಗ ಏನೈತಿ?"

"ಬರೇ ಕೌದಿ" ಎಂದೆ. ಅವನು ಗಂಟು ಎತ್ತಿಕೊಂಡು ಒಳಗೆ ಹೋದ.

ಹಾರಿ ಅರ್ಧ ಗಂಟೆಯಾಗಿರಬೇಕು. ಮೇಲೇರಿದಂತೆ ವಿಮಾನದೊಳಗಿನ ಗಾಳಿ ತೆಳುವಾಗುತ್ತದಂತೆ, ಮುಚ್ಚಿದ ಚೀಲಗಳು ಉಬ್ಬುತ್ತವಂತೆ. ಅದನ್ನು ಅತ್ತೆಗೆ ಯಾರು ಹೇಳಬೇಕು! ಹಿಂದೆಲ್ಲೋ ಫಟ್ ಎಂದಿತು. ನೋಡನೋಡುತ್ತ ಒಳಗೆಲ್ಲ ಮಬ್ಬು. "ಹೊಗೆ, ಹೊಗೆ" ಎಂದು ಹಿಂದಿಯಲ್ಲಿ ಕೂಗಾಟ. ಮುಖಕ್ಕೆ ಉಸಿರಿನ ಮುಖವಾಡ ಕಟ್ಟಿದರು. ಬೀರಪ್ಪ ಬೆಂಕಿ ಆರಿಸುವ ಡಬ್ಬಿ ಹಿಡಿದು ಮಬ್ಬಿನೊಳಗೆ ನುಗ್ಗಿದ. ವಿಮಾನ ಒಂದು ಪಕ್ಕಕ್ಕೆ ವಾಲಿ ಬಂದ ದಾರಿಗೆ ತಿರುಗಿತು. ಗಂಡನಿಗೆ ಒಂದು ಹೊತ್ತೂ ಬಡಿಸದೆ ಸಾಯುತ್ತೇನಲ್ಲಾ ಎಂದು ಅಳು ಬಂತು.

ಅಷ್ಟರಲ್ಲಿ ಮುಖವಾಡದೊಳಗೇ ನಾಲಗೆಯಿಂದ ತುಟಿ ಸವರಿಕೊಂಡೆ. ಅಡುಗೆಮನೆಯ ರುಚಿ! ಸಾವಿನ ಭಯ ಹೋಗಿ ಮಾನದ ಭಯ ಹಿಡಿಯಿತು. ಕೆಳಗಿಳಿಯುವವರೆಗೂ ಬಾಯಿ ಬಿಡಲಿಲ್ಲ. ನನ್ನ ಧೈರ್ಯ ಅಷ್ಟಕ್ಕಷ್ಟೇ.

ಇಳಿದ ಮೇಲೆ ಸಾಹೇಬರು, ಅಂದರೆ ವಿಮಾನ ಹಾರಿಸಿದವರು, ಹರಿದ ಚೀಲ ಎತ್ತಿ ಹಿಡಿದರು. ಅವರ ಮೀಸೆಯೂ ಹಳದಿಯಾಗಿತ್ತು. "ಇದನ್ನು ತಪಾಸಣೆ ಮಾಡಿದ್ದು ಯಾರು? ವಿಚಾರಣೆ ಮುಗಿಯುವ ತನಕ ಅವನ ರಜೆ ರದ್ದು" ಎಂದರು. ತಲೆಯಿಂದ ಕಾಲಿನವರೆಗೆ ಹಳದಿಯಾಗಿದ್ದ ಬೀರಪ್ಪ ತಲೆ ತಗ್ಗಿಸಿದ. ಬೇಡಗದಲ್ಲಿ ಹಂದರಕ್ಕೆ ಕಂಬ ನೆಡುತ್ತಿರುವ ಜನ ಕಣ್ಣಿಗೆ ಕಟ್ಟಿದರು. ತಡೆಯಲಾಗಲಿಲ್ಲ.

"ನನ್ನದು ಸಾಹೇಬರೇ. ಕೌದಿಯಲ್ಲಿ ಮುಚ್ಚಿ ಸುಳ್ಳು ಹೇಳಿದ್ದೆ. ಇವನ ತಪ್ಪಿಲ್ಲ. ಎಂಟು ದಿನಕ್ಕೆ ಇವನ ಮದುವೆ."

ಸಾಹೇಬರು ಬೀರಪ್ಪನನ್ನು ಮೇಲಿಂದ ಕೆಳಗೆ ನೋಡಿದರು. "ಮದುಮಗನಿಗೆ ಅರಿಸಿನ ಆಗಿಹೋಯಿತು. ಇನ್ನು ಮದುವೆ ತಪ್ಪಿಸಿದರೆ ನನಗೇ ಪಾಪ. ವಿಮಾನ ಗುಡಿಸಿ ಹೋಗು" ಎಂದರು. ಸಂಜೆಯವರೆಗೆ ಅವನೂ ನಾನೂ ಗುಡಿಸಿದೆವು.

ಅಂದಿನಿಂದ ನಮ್ಮ ಮನೆಗೆ ಹೋಗಿಬಂದು ಮಾಡುವ ಬೀರಪ್ಪನಿಗೆ ಈಗ ನಿವೃತ್ತಿಯಾಗಿದೆ. ಮಗಳ ಮದುವೆಗೆ ನಮ್ಮ ಮನೆಯ ಅರಿಸಿನವೇ ಬೇಕೆಂದ. ಮೊನ್ನೆ ಗಿರಣಿಗೆ ಹೋದದ್ದು ಅದಕ್ಕೇ. ನಿನ್ನೆ ಬಂದವನು ಅರಿವೆ ಚೀಲ ಮೂಗಿಗೆ ಹಿಡಿದು ವಾಸನೆ ಎಳೆದುಕೊಂಡ.

"ವೈನಿ, ಆವತ್ತ ನಾ ಕೌದಿ ಬಿಚ್ಚಿ ನೋಡಿದ್ನಿರಿ."

"ಏನಂದಿ?"

"ಅರಿಸಿನ ಕಂಡ್ತು, ಕೌದಿಯಿಂದ ಮನಿ ವಾಸನಿ ಬಂತ್ರಿ. ನಿಮ್ಮಿಂದ ಕಸ್ಕೊಳ್ಳಾಕ ಮನಸಾಗ್ಲಿಲ್ಲ, ತಿರಗಿ ಕಟ್ಟಿಟ್ಟೆ."

"ಸಾಹೇಬ್ರ ಮುಂದ ನಾ ಒಬ್ಬಾಕಿನ ತಪ್ಪ ಒಪ್ಕೊಂಡಾಗ ಸುಮ್ಮನ ನಿಂತ್ಯಲ್ಲೋ!"

"ಲಗ್ನ ಇತ್ತಲ್ರಿ."

ಇಷ್ಟು ವರ್ಷ, ಏನೂ ಅರಿಯದವನೊಬ್ಬನನ್ನು ಉಳಿಸಿದೆನೆಂದು ಎಷ್ಟು ಜನರ ಮುಂದೆ ಬೀಗಿದ್ದೆನೋ! ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಅವನ ಕೈಯಿಂದ ಚೀಲ ತೆಗೆದುಕೊಂಡು, ಬಾಯಿ ಬಿಚ್ಚಿ, ಇನ್ನೆರಡು ಬೊಗಸೆ ಹಾಕಿ ಕಟ್ಟಿಕೊಟ್ಟೆ.