ಸೀದಾ ಪೈಪಿನ ಬಾಬು ಮಿಸ್ತ್ರಿ

ಬಾಬು ಮಿಸ್ತ್ರಿಯವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ಪೈಪಿನೊಳಗೆ ಒಂದೇ ಕಣ್ಣಿಟ್ಟು ನೋಡಿ ನೋಡಿ ಬಂದದ್ದು. ಮದುವೆ ಊಟಕ್ಕೆ ಹೋದರೂ ಪಂಕ್ತಿಯ ತುದಿಯಲ್ಲಿ ಬಗ್ಗಿ ನಿಂತು, "ನಡುವಿನ ಗೌಡ್ರು ಜರಾ ಹಿಂದ ಸರೀರಿ, ಲೈನ್ ಸೀದಾ ಇಲ್ಲ," ಎನ್ನುತ್ತಿದ್ದರು. ಗೌಡರು ಬೈದುಕೊಂಡೇ ಸರಿಯುತ್ತಿದ್ದರು.

ಅವರು ಬೀದರಿನ ಮೈಲೂರಿನವರು. ನಿಜಾಮರ ಕಾಲದಲ್ಲಿ ನೀರಿನ ನಳ ಜೋಡಿಸುತ್ತಿದ್ದವರು, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗೋಬರ್ ಗ್ಯಾಸಿನ ಕೆಲಸಕ್ಕೆ ಬಂದರು. ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬಂದು ಗುಮಾಸ್ತರೆಲ್ಲ ಗಲಿಬಿಲಿಗೊಂಡಿದ್ದಾಗ ಮಿಸ್ತ್ರಿಯವರು ಮಾತ್ರ ನಿರಾಳ. "ಹೈದರಾಬಾದ್ ಇರಲಿ, ಮೈಸೂರ ಇರಲಿ, ನಟ್ಟು ಬಲಕ್ಕ ತಿರುವಿದ್ರನ ಬಿಗಿ ಆಗ್ತದ್ರಿ," ಎಂದು ನಟ್ಟು ಬಿಗಿಯುವ ಪಾನಾ ಎತ್ತಿ ತೋರಿಸುತ್ತಿದ್ದರು.

ಭಾಲ್ಕಿಯ ನಮ್ಮ ಮನೆಗೆ ಅವರು ಬಂದದ್ದು ಗ್ಯಾಸಿನ ಮೀಟರು ಕೂಡಿಸಲು. ಸರ್ಕಾರ ನಮ್ಮ ಹಿತ್ತಲಲ್ಲಿ ಪರೀಕ್ಷೆಗೆಂದು ಸಗಣಿಯ ಗುಂಡಿ ಕಟ್ಟಿಸಿ, ಅದರ ಮೇಲೆ ಗ್ಯಾಸು ತುಂಬಿಕೊಳ್ಳುವ ಕಬ್ಬಿಣದ ಡೋಲು ಕೂಡಿಸಿತ್ತು. ಮೈಸೂರು ಕಡೆಯ ಸಾಹೇಬರು ಬಂದು ಮೀಟರು ನೋಡುವವರಿದ್ದರು. ಮುಳ್ಳು ಕೆಂಪು ಗೆರೆ ಮುಟ್ಟಿದರೆ ಒಲೆ ನಮಗೆ. ಮುಟ್ಟದಿದ್ದರೆ ಡೋಲು, ಪೈಪು, ಒಲೆ ಎಲ್ಲವೂ ಔರಾದಿನ ಬೇರೆ ಯಾರದೋ ಮನೆಗೆ. ನನಗಂತೂ ಆ ಒಲೆ ಬೇಕೇ ಬೇಕಿತ್ತು. ಮದುವೆಯಾಗಿ ಬಂದಂದಿನಿಂದ ತೊಗರಿ ಕಟ್ಟಿಗೆಯ ಹೊಗೆಗೆ ನನ್ನ ಕಣ್ಣುಗಳು ಕೆಂಪೇರಿ ನೀರು ಸುರಿಸುತ್ತಿದ್ದವು. ತವರಿಗೆ ಹೋದರೆ, ಅತ್ತೆ ಕಾಡುತ್ತಾರೆಂದೇ ನನ್ನವ್ವ ತಿಳಿಯುತ್ತಿದ್ದಳು.

ಗುಂಡಿಯಿಂದ ಬರುವ ಪೈಪು ಕೊಟ್ಟಿಗೆ ಸುತ್ತಿ, ಬಚ್ಚಲು ಸುತ್ತಿ ಅಡುಗೆಮನೆಗೆ ಬರುತ್ತಿತ್ತು. ಮಿಸ್ತ್ರಿಯವರಿಗೆ ನೋಡಲಾಗಲಿಲ್ಲ.

"ಇಷ್ಟು ತಿರುವಿನಾಗ ಬಂದ ಗ್ಯಾಸಿಗಿ ಚಕ್ಕರ್ ಬಂದಿರ್ತದ. ಚಕ್ಕರ್ ಬಂದವ್ರ ನಾಡಿ ಯಾವ ಹಕೀಮ ಹಿಡೀತಾನ್ರಿ? ಸೀದಾ ನಡದು ದಮ್ಮ ತಗೋಲಿ, ಆಮ್ಯಾಲ ಅಳೀತೇನಿ."

"ಹಿತ್ತಲದಾಗನ ಸೀದಾ ಮಾಡ್ರಲ್ಲ," ಎಂದೆ.

"ಹೊರಗ ಬಿಸಿಲು, ತಂಗಿ. ಬಿಸಿಲಿಗಿ ಗ್ಯಾಸು ಉಬ್ಬತದ, ಇಲ್ಲದ್ದು ಇದ್ದಂಗ ತೋರಸ್ತದ."

ಗುಂಡಿಯಿಂದ ನಮ್ಮ ಒಲೆಗೆ ದಾರ ಎಳೆದರು. ಅದು ನೆಟ್ಟಗೆ ಪಕ್ಕದ ಮನೆಯ ಕಾಕುವಿನ ಕೋಣೆ ಹೊಕ್ಕು, ನಡುಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು. ಕಾಕು ಎಂದರೆ ಮಾವನವರ ತಮ್ಮನ ಹೆಂಡತಿ. ಒಂದು ಉಪ್ಪಿನಕಾಯಿ ಭರಣಿಯ ದೆಸೆಯಿಂದ ಅವರಿಗೂ ನಮ್ಮತ್ತೆಗೂ ವರ್ಷಗಳಿಂದ ಮಾತಿರಲಿಲ್ಲ. ಗಂಡಸರೆಲ್ಲ ಮೆಲ್ಲಗೆ ಜಾರಿಕೊಂಡರು. ಮಿಸ್ತ್ರಿಯವರೇ ಹೋಗಿ, "ಜಗಳ ನಿಮ್ಮದ್ರಿ, ಗ್ಯಾಸಿಂದಲ್ಲ. ಅದ್ಯಾಕ ಸುತ್ತ ಹಾಕಬೇಕು?" ಎಂದರು. ಮೀಟರು ಮಾತ್ರ ತಮ್ಮ ಕೋಣೆಯಲ್ಲೇ ಇರಬೇಕೆಂದು ಹಟ ಹಿಡಿದು ಕಾಕು ಒಪ್ಪಿದರು.

ಮೀಟರು ಬಂದ ದಿನವೇ ಕಾಕು ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಬಳಿದರು. ಮಿಸ್ತ್ರಿಯವರು ಹೌಹಾರಿ ಗಾಜು ಒರೆಸಿದರೆ, "ಮನಿಗಿ ಬಂದವ್ರ ಹಣಿ ಬರಿದ ಇರಬಾರ್ದ್ರಿ," ಎಂದು ಮತ್ತೆ ಬಳಿದರು. ಆಮೇಲೆ ಅದರ ಮುಂದೆಯೇ ಕೂತು, ಪೈಪಿಗೆಂದು ನಡುಗೋಡೆಯಲ್ಲಿ ಕೊರೆದ ತೂತಿನಿಂದ, "ಮುಳ್ಳ ಏರ್ಲಿಕತ್ತದ!" ಎಂದು ಕೂಗುವುದೇ ಕೆಲಸವಾಯಿತು. ಅತ್ತೆ ಉತ್ತರ ಕೊಡುವಂತಿಲ್ಲ, ಸುಮ್ಮನಿರಲೂ ಆಗದು. "ಎಲ್ಲಿತನಕ ಏರ್ಯಾದ ಕೇಳೋ, ಪೈಪಾ," ಎನ್ನುತ್ತಿದ್ದರು. "ಕಣ್ಣಿದ್ದೋರು ಬಂದು ನೋಡ್ಲಿ ಅಂತ ಹೇಳೋ, ಪೈಪಾ," ಎಂದು ಆಚೆಯಿಂದ ಬರುತ್ತಿತ್ತು. ಮಿಸ್ತ್ರಿಯವರು ಇದನ್ನು ಕೇಳಿಯೂ ನಗಲಿಲ್ಲ. ಪೈಪಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿದೆ ಎಂಬಂತೆ ತಲೆಯಾಡಿಸಿದರು.

ಸಾಹೇಬರು ಬಂದ ದಿನ ಅತ್ತೆಯೂ ತಡೆಯಲಾರದೆ ಕಾಕುವಿನ ಕೋಣೆಗೆ ಬಂದರು. ಮುಳ್ಳು ಏರಿ ಏರಿ ಕೆಂಪು ಗೆರೆಗೆ ಬೆರಳಗಲ ಇರುವಾಗ ನಿಂತುಬಿಟ್ಟಿತು. ಸಾಹೇಬರು ಹೊಸ್ತಿಲಲ್ಲಿ ಇನ್ನೂ ಬೂಟು ಬಿಚ್ಚುತ್ತಿದ್ದರು.

"ಮಿಸ್ತ್ರಿ, ಜರಾ ಮುಂದ ತಳ್ರಿ!" ಅತ್ತೆ, ಕಾಕು ಇಬ್ಬರೂ ಒಂದೇ ಉಸಿರಿಗೆ ಪಿಸುಗುಟ್ಟಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ಬೆಚ್ಚಿದರು.

ಮಿಸ್ತ್ರಿಯವರು ನನ್ನ ಕೆಂಪು ಕಣ್ಣು ನೋಡಿದರು. ಕೈ ಮೀಟರಿನ ತನಕ ಹೋಗಿ ವಾಪಸು ಬಂತು. "ಗ್ಯಾಸಿಗಿ ಇಷ್ಟು ಸೀದಾ ಕರಕೊಂಡ ಬಂದು ಸುಳ್ಳ ಹೇಳಸಲೇನ್ರಿ?"

"ಎಷ್ಟಿದೆ?" ಎಂದರು ಸಾಹೇಬರು ಒಳಗೆ ಬಂದು.

"ಕಮ್ಮಿ ಅದ್ರಿ."

ನಮ್ಮ ಎರಡು ಎಮ್ಮೆಗಳ ಸಗಣಿ ಸಾಲದಾಗಿತ್ತು. ಆದರೆ ನನ್ನ ಸಿಟ್ಟು ಎಮ್ಮೆಗಳ ಮೇಲಲ್ಲ, ಮಿಸ್ತ್ರಿಯವರ ಮೇಲೆ. ಅಂದು ಅವರಿಗೆ ಚಹಾ ಸಹ ಕೊಡಲಿಲ್ಲ.

ಎಲ್ಲವನ್ನೂ ಬಿಚ್ಚಿ ಔರಾದಿನ ಬಂಡಿಗೆ ಹೇರಿದ ಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಆಳೆತ್ತರಕ್ಕೂ ಮಿಕ್ಕಿದ ಒಂದು ಪೈಪು.

"ಸಾಹೇಬ್ರಿಗಿ ಕೇಳಿ ತಂದೇನಿ, ತಂಗಿ. ಊದುಗೊಳವಿ. ಒಲಿ ಅಲ್ಲೇ ಇರಲಿ, ನೀ ನಡುಮನ್ಯಾಗ ಕುಂತು ಊದು. ಸೀದಾ ಅದ, ಉಸುರು ದಾರಿ ತಪ್ಪಂಗಿಲ್ಲ." ಎಡಗಣ್ಣು ಮುಚ್ಚಿ ಇನ್ನೊಮ್ಮೆ ಅದರೊಳಗೆ ನೋಡಿ, ಕೊಟ್ಟು ಹೋದರು. ಮತ್ತೆ ನಾನು ಅವರನ್ನು ಕಾಣಲಿಲ್ಲ.

ನಡುಮನೆಯಲ್ಲಿ ಕೂತು ಒಲೆ ಊದುವ ಸೊಸೆಯನ್ನು ನೋಡಲು ಹಲಬರ್ಗಾದಿಂದಲೂ ನೆಂಟರು ಬಂದರು. ಮನೆಯವರೆಲ್ಲ ಪೈಪು ದಾಟಿಯೇ ಓಡಾಡುವುದನ್ನು ಕಲಿತರು. ಗೋಡೆಯ ತೂತನ್ನು ಯಾರೂ ಮುಚ್ಚಲಿಲ್ಲ. ಅತ್ತೆ ಮತ್ತು ಕಾಕು ಅದರಲ್ಲೇ ಮಾತಾಡುತ್ತಿದ್ದರು, ಈಗ ಪೈಪನ್ನು ನಡುವೆ ತರದೆ. ನನ್ನ ಕಣ್ಣಿನ ಕೆಂಪೂ ಇಳಿಯಿತು.

ಕೆಲವು ವರ್ಷಗಳ ಮೇಲೆ ನಳ ರಿಪೇರಿಗೆಂದು ಬೀದರಿನಿಂದ ಬಂದವನೊಬ್ಬ, ಬಾಬು ಮಿಸ್ತ್ರಿ ತೀರಿಕೊಂಡರು ಎಂದ. ನಾನು ಆಗ ಒಲೆ ಊದುತ್ತಿದ್ದೆ. ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದ ಕಾಕು, "ಯಾಕ, ಕಣ್ಣಾಗ ನೀರು?" ಎಂದರು.

ಹೊಗೆ ಎನ್ನಲು ಬಾಯಿ ತೆರೆದೆ. ಹೊಗೆ ಅಲ್ಲೆಲ್ಲೋ, ಕೊಳವೆಯ ಆ ತುದಿಯಲ್ಲಿತ್ತು.